ಹೊಸ ವಿಚಾರ ಹೊತ್ತು ಬಂದವರಿಗೆ ನಾವು ಕೊಡಬೇಕಾದ ಉತ್ತರ ಯಾವುದು?

ನಿವೃತ್ತ ವಿಜ್ಞಾನ ಶಿಕ್ಷಕ, ಉಡುಪಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಈ ಗುಂಪಿನಲ್ಲಿ ನಡೆದದ್ದು ನನ್ನ ಮನಸ್ಸಿನಿಂದ ಇನ್ನೂ ಇಳಿದಿಲ್ಲ. ಮೂಡುಬಿದಿರೆಯಲ್ಲಿ ಮೋಟಾರ್ ರಿವೈಂಡಿಂಗ್ ಕೆಲಸ ಮಾಡುವ ಸದಸ್ಯರೊಬ್ಬರು ಗುರುತ್ವಾಕರ್ಷಣೆಯ ಬಗ್ಗೆ ತಾವು ಬರೆದಿಟ್ಟ 40 ಪುಟಗಳ ಟಿಪ್ಪಣಿಯನ್ನು ಒಂದೊಂದೇ ಪುಟದ ಫೋಟೊ ತೆಗೆದು ಇಲ್ಲಿ ಹಾಕಿದ್ದರು. ಭೂಮಿ ನಮ್ಮನ್ನು ಎಳೆಯುವುದಿಲ್ಲ, ಆಕಾಶದ ಎಲ್ಲ ದಿಕ್ಕುಗಳಿಂದ ಬರುವ ಅತಿ ಸೂಕ್ಷ್ಮ ಕಣಗಳು ನಮ್ಮನ್ನು ತಳ್ಳುತ್ತವೆ, ಕೆಳಗಿನಿಂದ ಬರುವ ಕಣಗಳನ್ನು ಭೂಮಿ ಸ್ವಲ್ಪ ಮಟ್ಟಿಗೆ ತಡೆಯುವುದರಿಂದ ಮೇಲಿನ ತಳ್ಳುವಿಕೆ ಹೆಚ್ಚಾಗಿ ನಾವು ಕೆಳಕ್ಕೆ ಬೀಳುತ್ತೇವೆ ಎಂಬುದು ಅವರ ವಿಚಾರ.

ಒಂದು ದಿನದೊಳಗೆ 60ಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು, ನಾನು ಎಲ್ಲವನ್ನೂ ಓದಿದೆ. ಅರ್ಧಕ್ಕಿಂತ ಹೆಚ್ಚಿನವು ನಗುವ ಚಿತ್ರಗಳು. ಕೆಲವರು "ನೀವು ಎಷ್ಟು ಓದಿದ್ದೀರಿ?" ಎಂದು ಕೇಳಿದರು. ಇನ್ನು ಕೆಲವರು ಇದಕ್ಕೆ ನೇರ ವಿರುದ್ಧವಾಗಿ, ರಾಮಾನುಜನ್ ಅವರನ್ನೂ ಹೀಗೆಯೇ ತಿರಸ್ಕರಿಸಿದ್ದರು, ನೀವು ಬಿಡಬೇಡಿ ಎಂದು ಹುರಿದುಂಬಿಸಿದರು. ನಗಾಡಿದವರಾಗಲಿ ಹೊಗಳಿದವರಾಗಲಿ ಆ ಟಿಪ್ಪಣಿಯ ಒಂದೇ ಒಂದು ಪುಟವನ್ನು ಓದಿದ ಗುರುತು ನನಗೆ ಕಾಣಲಿಲ್ಲ. ಹದಿನೇಳನೆಯ ಪುಟದಲ್ಲಿ ಅವರು ಪೆನ್ಸಿಲ್‌ನಲ್ಲಿ ಎರಡು ಗೋಲಗಳನ್ನು ಬರೆದು, ಒಂದರ ನೆರಳು ಇನ್ನೊಂದರ ಮೇಲೆ ಬೀಳುವ ರೀತಿಯನ್ನು ಸ್ಕೇಲ್ ಇಟ್ಟು ಗೆರೆ ಎಳೆದು ತೋರಿಸಿದ್ದಾರೆ. ದೂರ ಎರಡು ಪಟ್ಟಾದಾಗ ನೆರಳಿನ ಪರಿಣಾಮ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ ಎಂಬುದನ್ನು ತಾವೇ ಲೆಕ್ಕ ಹಾಕಿ ಕಂಡುಕೊಂಡಿದ್ದಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಲೋಮ ವರ್ಗ ನಿಯಮವನ್ನು ಕಲಿಸಿದವನು ನಾನು. ಆ ಚಿತ್ರವನ್ನು ನೋಡಿದಾಗ, ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಇದನ್ನು ಸೂತ್ರವಾಗಿ ಬಾಯಿಪಾಠ ಮಾಡದೆ ಹೀಗೆ ಕೈಯಿಂದ ಎಳೆದು ಅರ್ಥ ಮಾಡಿಕೊಂಡಿರಬಹುದು ಎಂದು ಯೋಚಿಸಿದೆ.

ಅವರ ವಿಚಾರ ಸರಿ ಎಂದು ನಾನು ಹೇಳುತ್ತಿಲ್ಲ. ಸರಿಯಲ್ಲ ಎಂದೇ ನನ್ನ ನಂಬಿಕೆ. ಆದರೆ ಎಲ್ಲಿ ಸರಿಯಲ್ಲ ಎಂದು ಬೆರಳಿಟ್ಟು ಹೇಳಲು ನನಗೂ ಕೂಡಲೇ ಆಗಲಿಲ್ಲ. ಹಾಗಿರುವಾಗ ನಗಲು ನಮಗೆ ಯಾವ ಅಧಿಕಾರವಿದೆ? ಪ್ರಸಿದ್ಧ ವಿಜ್ಞಾನಿಗಳ ಹೆಸರು ಹೇಳಿ ಅವರನ್ನು ಹುರಿದುಂಬಿಸಲು ಯಾವ ಅಧಿಕಾರವಿದೆ? ಈ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ತಿಳಿಯಬೇಕೆಂದು ಈ ಚರ್ಚೆಯನ್ನು ಎತ್ತಿದ್ದೇನೆ.

ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್

ಸರ್, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. ನಕ್ಕವರಲ್ಲಿ ನಾನೂ ಒಬ್ಬ, ಅದನ್ನು ಮುಚ್ಚಿಡುವುದಿಲ್ಲ. ನನ್ನ ಮಾರ್ಗದರ್ಶಕರಿಗೆ ಐನ್‌ಸ್ಟೈನ್ ತಪ್ಪು, ಶಾಶ್ವತವಾಗಿ ತಿರುಗುವ ಯಂತ್ರ ಸಿದ್ಧವಾಗಿದೆ, ಪೈ ಬೆಲೆ ಬೇರೆ ಇದೆ ಎಂಬಂಥ ಪತ್ರಗಳು ಆಗಾಗ ಬರುತ್ತವೆ. ಒಂದೊಂದಕ್ಕೂ ಓದಿ ಉತ್ತರಿಸಲು ಕೂತರೆ ಅವರ ಸ್ವಂತ ಕೆಲಸ ನಿಲ್ಲುತ್ತದೆ. 1991ರಲ್ಲಿ ಆರಂಭವಾದ, ಸಂಶೋಧನಾ ಬರಹಗಳನ್ನು ಪ್ರಕಟಣೆಗೆ ಮೊದಲೇ ಎಲ್ಲರಿಗೂ ತೆರೆದಿಡುವ ಆರ್ಕೈವ್ ಸಂಗ್ರಹ ಕೂಡ 2004ರಿಂದ ಹೊಸಬರಿಗೆ ಪರಿಚಿತ ಸಂಶೋಧಕರ ಅನುಮೋದನೆ ಬೇಕೆಂದು ನಿಯಮ ಮಾಡಿಕೊಂಡಿತು. ಅದು ದ್ವೇಷದಿಂದ ಮಾಡಿದ್ದಲ್ಲ, ಸಮಯಕ್ಕೆ ಮಿತಿಯಿರುವುದರಿಂದ ಮಾಡಿದ್ದು.

ಇನ್ನೊಂದು ಮಾತು. ಅಚ್ಚರಿಯ ವಿಚಾರ ಎಂದ ಕೂಡಲೇ ವಿಜ್ಞಾನಿಗಳು ಬಾಗಿಲು ಮುಚ್ಚುತ್ತಾರೆ ಎಂಬುದು ನಿಜವಲ್ಲ. 2023ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಎಲ್‌ಕೆ-99 ಎಂಬ ವಸ್ತು ಸಾಮಾನ್ಯ ಉಷ್ಣತೆಯಲ್ಲೇ ಅತಿವಾಹಕವಾಗುತ್ತದೆ, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಸುತ್ತದೆ ಎಂದಾಗ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಜಗತ್ತಿನ ಹತ್ತಾರು ಕಡೆ ಅದನ್ನು ತಯಾರಿಸಿ ನೋಡಿದರು. ಕೆಲವೇ ವಾರಗಳಲ್ಲಿ, ರೋಧ ಒಮ್ಮೆಗೇ ಕುಸಿದಂತೆ ಕಂಡದ್ದಕ್ಕೆ ಅದರೊಳಗೆ ಕಲ್ಮಶವಾಗಿ ಉಳಿದಿದ್ದ ತಾಮ್ರದ ಸಲ್ಫೈಡ್ ಕಾರಣ ಎಂದು ಗೊತ್ತಾಯಿತು. ಅಷ್ಟು ಜನ ಯಾಕೆ ಕೈಹಾಕಿದರು? ಏನೇನು ಬೆರೆಸಬೇಕು, ಎಷ್ಟು ಹೊತ್ತು ಕಾಯಿಸಬೇಕು ಎಂಬ ವಿಧಾನ ಅವರ ಬರಹದಲ್ಲಿತ್ತು. ಯಾರು ಬೇಕಾದರೂ ಮಾಡಿ ನೋಡಬಹುದಿತ್ತು. ಮಾಡಿ ನೋಡಲು ಬರುವ ಏನನ್ನಾದರೂ ಮುಂದಿಡುವುದು ವಿಚಾರ ತಂದವರ ಜವಾಬ್ದಾರಿ ಎಂದು ನನ್ನ ಅಭಿಪ್ರಾಯ.

ವೈದ್ಯ, ಮಂಗಳೂರು

ಈ ಚರ್ಚೆಯಲ್ಲಿ ಯಾರಾದರೂ ಬ್ಯಾರಿ ಮಾರ್ಷಲ್ ಅವರ ಹೆಸರನ್ನು ಎತ್ತಿಯೇ ಎತ್ತುತ್ತಾರೆ, ಹಾಗಾಗಿ ನಾನೇ ಎತ್ತುತ್ತೇನೆ. ನಾನು ಎಂಬಿಬಿಎಸ್ ಓದುತ್ತಿದ್ದ ಕಾಲದಲ್ಲಿ ಹೊಟ್ಟೆಯ ಹುಣ್ಣಿಗೆ ಆಮ್ಲ ಮತ್ತು ಮಾನಸಿಕ ಒತ್ತಡ ಕಾರಣ ಎಂದು ನಮಗೆ ಕಲಿಸುತ್ತಿದ್ದರು. ಔಷಧಿಗೆ ಬಗ್ಗದ ರೋಗಿಗಳಿಗೆ ಜಠರಕ್ಕೆ ಹೋಗುವ ವೇಗಸ್ ನರವನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯನ್ನು ನಾನು ಥಿಯೇಟರಿನಲ್ಲಿ ನಿಂತು ನೋಡಿದ್ದೇನೆ. ಅದೇ ಕಾಲಕ್ಕೆ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್, ಜಠರದ ಒಳಪದರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾವೊಂದು ಇದೆ, ಉರಿಯೂತಕ್ಕೂ ಹುಣ್ಣಿಗೂ ಅದೇ ಮೂಲ ಎನ್ನುತ್ತಿದ್ದರು. ಅಷ್ಟು ಆಮ್ಲದಲ್ಲಿ ಯಾವ ಜೀವಾಣುವೂ ಬದುಕಲಾರದು ಎಂದು ಹೆಚ್ಚಿನವರು ನಂಬಿದ್ದರು. ಅದನ್ನು ಬೆಳೆಸುವ ಯತ್ನಗಳು ಮೊದಲು ಸೋತವು. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿನ ಎರಡು ದಿನಕ್ಕಿಂತ ಹೆಚ್ಚು ಕಾಲ ಇನ್‌ಕ್ಯುಬೇಟರ್‌ನಲ್ಲೇ ಉಳಿದಾಗ ಅದು ಬೆಳೆದು ಕಾಣಿಸಿತು. ನಿಧಾನವಾಗಿ ಬೆಳೆಯುವ ಜೀವಿಗೆ ಯಾರೂ ಅಷ್ಟು ಸಮಯ ಕೊಟ್ಟಿರಲಿಲ್ಲ, ಅಷ್ಟೇ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಕುಡಿದ ಭಾಗದಲ್ಲಿ ನಿಲ್ಲಿಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಮುಂದಿನ ಭಾಗ. ಬೇರೆ ಬೇರೆ ದೇಶಗಳ ವೈದ್ಯರು ತಮ್ಮ ತಮ್ಮ ರೋಗಿಗಳ ಜಠರದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರಿಗೂ ಅದೇ ಜೀವಾಣು ಕಂಡಿತು. ಆ್ಯಂಟಿಬಯಾಟಿಕ್ ಕೊಟ್ಟಾಗ ಹುಣ್ಣು ಮತ್ತೆ ಮತ್ತೆ ಮರುಕಳಿಸುವುದು ನಿಂತಿತು. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆ ಆ ಚಿಕಿತ್ಸೆಯನ್ನೇ ಶಿಫಾರಸು ಮಾಡಿತು. ತಟ್ಟೆಯಲ್ಲಿ ಜೀವಾಣು ಬೆಳೆದಂದಿನಿಂದ ಹನ್ನೆರಡು ವರ್ಷ. ಒಂದು ಇಡೀ ವೃತ್ತಿಯ ತಿಳಿವಳಿಕೆ ಬದಲಾಗಲು ಹನ್ನೆರಡು ವರ್ಷ ಬಹಳ ದೀರ್ಘವೆಂದು ನನಗೆ ಅನಿಸುವುದಿಲ್ಲ, ಆ ಅವಧಿಯಲ್ಲಿ ವ್ಯರ್ಥವಾಗಿ ನರ ಕತ್ತರಿಸಿಕೊಂಡವರನ್ನು ನೆನೆದರೆ ದುಃಖವಾಗುವುದೂ ನಿಜ.

ಹಾಗೆಂದು ನನ್ನ ಕ್ಲಿನಿಕ್ಕಿಗೆ ಮೊಬೈಲಿನಲ್ಲಿ ಬಂದ ಸಂದೇಶವನ್ನು ತೋರಿಸಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದ್ದೇನೆ ಡಾಕ್ಟ್ರೇ, ಈ ಕಷಾಯ ಸಾಕಂತೆ ಎನ್ನುವವರಿಗೆ ನಾನು ಮಾರ್ಷಲ್ ಕಥೆ ಹೇಳಲಾರೆ. ಕಾಲಿನ ಬೆರಳು ಕಪ್ಪಗಾದ ಮೇಲೆ ಬಂದವರನ್ನು ನೋಡಿದ್ದೇನೆ. ತಪ್ಪಾದರೆ ಯಾರಿಗೆ ಪೆಟ್ಟು ಬೀಳುತ್ತದೆ ಎಂಬುದರ ಮೇಲೆ ನಮ್ಮ ಉತ್ತರದ ಬಿಗುವು ನಿಲ್ಲಬೇಕು. ಗುರುತ್ವದ ಬಗ್ಗೆ ತಪ್ಪು ತಿಳಿದರೆ ಯಾರ ಕಾಲೂ ಹೋಗುವುದಿಲ್ಲ. ಅಂಥ ವಿಚಾರಕ್ಕೆ ನಾವು ಸಮಾಧಾನದಿಂದ ಕೂತು ಉತ್ತರಿಸಬಹುದು.

ಭೂವಿಜ್ಞಾನ ಓದಿದವನು, ಮಲ್ಪೆ

ನಮ್ಮ ಊರಿನ ಎದುರಿಗೇ ಇರುವ ಸೈಂಟ್ ಮೇರೀಸ್ ದ್ವೀಪಕ್ಕೆ ನೀವೆಲ್ಲ ಹೋಗಿರುತ್ತೀರಿ. ದೋಣಿ ಇಳಿದು ತೆಂಗಿನ ಮರಗಳನ್ನು ದಾಟಿ ಪಡುವಣ ಬದಿಗೆ ನಡೆದರೆ ಜೇನುಗೂಡಿನ ಕಣ್ಣುಗಳಂತೆ ಒಂದಕ್ಕೊಂದು ಒತ್ತಿಕೊಂಡು ನಿಂತ ಕಲ್ಲಿನ ಕಂಬಗಳು ಕಾಣುತ್ತವೆ. ಹೆಚ್ಚಿನವು ಆರು ಮುಖದವು, ಹುಡುಕಿದರೆ ಐದು ಮತ್ತು ಏಳು ಮುಖದವೂ ಸಿಗುತ್ತವೆ. ಲಾವಾ ತಣಿಯುತ್ತ ಕುಗ್ಗಿದಾಗ, ಬೇಸಗೆಯಲ್ಲಿ ಒಣಗಿದ ಕೆರೆಯ ಕೆಸರು ಒಡೆಯುವಂತೆ ಬಿರುಕು ಬಿಟ್ಟು ಆದ ಕಂಬಗಳು ಅವು. ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಮತ್ತು ಭಾರತ ಒಂದೇ ನೆಲವಾಗಿದ್ದು, ಅವು ಸೀಳಿ ಬೇರೆಯಾಗುವ ಹೊತ್ತಿಗೆ ಉಕ್ಕಿದ ಲಾವಾ ಎಂದು ಇಂದು ನಾವು ಅದನ್ನು ಗುರುತಿಸುತ್ತೇವೆ.

ಖಂಡಗಳು ಸರಿಯುತ್ತವೆ ಎಂಬ ಈ ಮಾತನ್ನೇ 1912ರಲ್ಲಿ ಆಲ್ಫ್ರೆಡ್ ವೆಗೆನರ್ ಹೇಳಿದಾಗ ಭೂವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಅವರು ಹವಾಮಾನ ಶಾಸ್ತ್ರಜ್ಞರು, ನಮ್ಮ ವಿಷಯದಲ್ಲಿ ಇವರಿಗೇನು ಕೆಲಸ ಎಂಬ ಧಾಟಿಯೂ ಆ ಟೀಕೆಗಳಲ್ಲಿ ಇತ್ತು. ಗ್ಲಾಸಾಪ್ಟೆರಿಸ್ ಎಂಬ ಗಿಡದ ಪಳೆಯುಳಿಕೆ ಭಾರತದಲ್ಲೂ ಆಫ್ರಿಕಾದಲ್ಲೂ ಆಸ್ಟ್ರೇಲಿಯಾದಲ್ಲೂ ಸಿಗುವುದು, ಸಮುದ್ರದಾಚೆಯ ಎರಡು ದಡಗಳ ಬಂಡೆಗಳು ಹರಿದ ಕಾಗದದ ಎರಡು ತುಂಡುಗಳಂತೆ ಹೊಂದುವುದು, ಹೀಗೆ ಅವರ ಬಳಿ ಒಳ್ಳೆಯ ಸಾಕ್ಷ್ಯಗಳಿದ್ದವು. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವರು ತೀರಿಕೊಂಡರು. ಅವರ ವಿಚಾರ ಗೆದ್ದದ್ದು 1960ರ ದಶಕದಲ್ಲಿ.

ನಾನು ಮೊದಲು ಇದನ್ನು ಓದಿದಾಗ ವೆಗೆನರ್ ಪರವಾಗಿ ನನಗೆ ಬಹಳ ಸಿಟ್ಟು ಬಂದಿತ್ತು. ಆಮೇಲೆ ಅವರ ವಿರೋಧಿಗಳು ಏನು ಹೇಳಿದ್ದರು ಎಂಬುದನ್ನೂ ಓದಿದೆ. ಖಂಡಗಳನ್ನು ಸರಿಸುವ ಬಲ ಯಾವುದು ಎಂಬ ಪ್ರಶ್ನೆಗೆ ವೆಗೆನರ್, ಭೂಮಿಯ ತಿರುಗುವಿಕೆಯಿಂದ ಹುಟ್ಟುವ ಒಂದು ಬಲ ಮತ್ತು ಸೂರ್ಯಚಂದ್ರರ ಉಬ್ಬರದ ಸೆಳೆತ ಎಂದಿದ್ದರು. ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್ ಲೆಕ್ಕ ಹಾಕಿ, ಆ ಬಲಗಳು ಖಂಡಗಳನ್ನು ಕದಲಿಸಲು ಎಷ್ಟೋ ಪಟ್ಟು ಸಾಲದು ಎಂದು ತೋರಿಸಿದರು. ಆ ಲೆಕ್ಕ ಸರಿಯಾಗಿಯೇ ಇತ್ತು. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಹಲವು ಮೀಟರ್ ಸರಿಯುತ್ತಿದೆ ಎಂಬ ವೆಗೆನರ್ ಅಳತೆ ತಪ್ಪಾಗಿತ್ತು, ನಿಜವಾದ ಚಲನೆ ಸೆಂಟಿಮೀಟರ್‌ಗಳ ಲೆಕ್ಕದ್ದು. ಅಂದರೆ ಮುಖ್ಯ ವಿಚಾರ ಸರಿಯಿದ್ದೂ ಕಾರಣ ತಪ್ಪಿತ್ತು, ಆ ತಪ್ಪನ್ನು ಸಂಖ್ಯೆಯಲ್ಲಿ ತೋರಿಸಿದವರು ವಿಜ್ಞಾನಕ್ಕೆ ಉಪಕಾರವನ್ನೇ ಮಾಡಿದರು. ಕಾರಣವನ್ನು ಬೇರೆಲ್ಲಾದರೂ ಹುಡುಕಬೇಕು ಎಂಬುದು ಅದರಿಂದ ಸ್ಪಷ್ಟವಾಯಿತು. ಆರ್ಥರ್ ಹೋಮ್ಸ್ ಭೂಗರ್ಭದ ಬಿಸಿಯಿಂದ ಒಳಪದರ ನಿಧಾನವಾಗಿ ಕುದಿಯುವಂತೆ ಸುತ್ತುತ್ತದೆ ಎಂದು ಸೂಚಿಸಿದರು, ಮುಂದೆ ಸಾಗರತಳ ಹರಡುತ್ತಿರುವುದನ್ನು ತೋರಿಸುವ ಕಾಂತೀಯ ಪಟ್ಟಿಗಳು ಸಿಕ್ಕವು. ವೆಗೆನರ್ ಅವರಿಗೆ ನೋವು ಕೊಟ್ಟದ್ದು ನಿನಗೆ ಈ ವಿಷಯ ಗೊತ್ತಿಲ್ಲ ಎಂಬ ಮಾತು. ಜೆಫ್ರೀಸ್ ಮಾಡಿದ ಲೆಕ್ಕವನ್ನು ಅದರ ಜೊತೆ ಸೇರಿಸಬಾರದು. ಮೂಡುಬಿದಿರೆಯವರಿಗೆ ಮೊದಲನೆಯದನ್ನು ನಾವು ಧಾರಾಳವಾಗಿ ಕೊಟ್ಟೆವು, ಎರಡನೆಯದನ್ನು ಯಾರೂ ಕೊಡಲಿಲ್ಲ.

ಭೌತಶಾಸ್ತ್ರ ಉಪನ್ಯಾಸಕಿ, ಉಡುಪಿ

ಆ ಎರಡನೆಯದನ್ನು ನಾನು ಕೊಡಲು ಪ್ರಯತ್ನಿಸುತ್ತೇನೆ. ಎರಡು ರಾತ್ರಿ ಕೂತು ಟಿಪ್ಪಣಿಯ 40 ಪುಟಗಳನ್ನೂ ಓದಿದ್ದೇನೆ. ಮೂಡುಬಿದಿರೆಯ ಅಣ್ಣ, ಇದು ನಿಮಗೇ ಬರೆದದ್ದು.

ಮೊದಲಾಗಿ, ನೀವು ಒಬ್ಬಂಟಿಯಲ್ಲ. ನ್ಯೂಟನ್ ಅವರ ಗೆಳೆಯ ನಿಕೊಲಾ ಫಾಶಿಯೊ 1690ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದೇ ವಿಚಾರವನ್ನು ಇಟ್ಟಿದ್ದರು. ಮುಂದೆ ಜಿನೀವಾದ ಜಾರ್ಜ್ ಲೂಯಿ ಲೆಸಾಜ್ ತಮ್ಮ ಜೀವಮಾನದ ಬಹುಭಾಗವನ್ನು ಇದಕ್ಕೇ ಕೊಟ್ಟರು. ನಿಮ್ಮ ಹದಿನೇಳನೆಯ ಪುಟದ ನೆರಳಿನ ವಾದ ಅವರಲ್ಲಿಯೂ ಇದೆ. ವಿಲೋಮ ವರ್ಗ ನಿಯಮ ಅದರಿಂದ ತಾನಾಗಿ ಹೊರಬರುತ್ತದೆ ಎಂಬುದು ಸರಿ. ವಸ್ತುವಿನ ಮೇಲ್ಮೈಗೆ ಅನುಗುಣವಾಗಿ ಅಲ್ಲದೆ ದ್ರವ್ಯರಾಶಿಗೆ ಅನುಗುಣವಾಗಿ ಬಲ ಬರಬೇಕಾದರೆ ಕಣಗಳು ವಸ್ತುವಿನೊಳಗೆ ಹೆಚ್ಚು ಕಡಿಮೆ ಪೂರ್ತಿ ತೂರಿಹೋಗಬೇಕು ಎಂದು ನೀವು ಇಪ್ಪತ್ತಮೂರನೆಯ ಪುಟದಲ್ಲಿ ಬರೆದದ್ದೂ ಸರಿ. ಲೆಸಾಜ್ ಕೂಡ ಅಲ್ಲಿಗೇ ಬಂದಿದ್ದರು.

ಇನ್ನು ಎಲ್ಲಿ ತಪ್ಪುತ್ತದೆ ಎಂದು ಹೇಳುತ್ತೇನೆ. ಜುಲೈ ತಿಂಗಳಲ್ಲಿ ಪಡುಬಿದ್ರಿಯಿಂದ ಉಡುಪಿಗೆ ಹೆದ್ದಾರಿಯಲ್ಲಿ ಸ್ಕೂಟರ್ ಓಡಿಸಿಕೊಂಡು ಬನ್ನಿ. ಗಾಳಿಯಿಲ್ಲದೆ ಮಳೆ ನೇರವಾಗಿ ಬೀಳುತ್ತಿದ್ದರೂ ನಿಮ್ಮ ಎದೆ ಮತ್ತು ಮೊಣಕಾಲು ಒದ್ದೆಯಾದಷ್ಟು ಬೆನ್ನು ಒದ್ದೆಯಾಗುವುದಿಲ್ಲ. ಮುಂದಕ್ಕೆ ಹೋಗುವವನಿಗೆ ಎದುರಿನಿಂದ ಹೆಚ್ಚು ಹನಿ ಬಡಿಯುತ್ತದೆ. ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ನಿಮ್ಮ ಕಣಗಳ ಮಳೆಯಲ್ಲಿ ಅದೂ ಸ್ಕೂಟರಿನಂತೆಯೇ. ಎದುರಿನಿಂದ ಹೆಚ್ಚು ಕಣ, ಹಿಂದಿನಿಂದ ಕಡಿಮೆ ಕಣ ಬಡಿದು, ಭೂಮಿಯ ಓಟ ನಿಧಾನವಾಗುತ್ತ ಅದು ಸುತ್ತಿಸುತ್ತಿ ಸೂರ್ಯನ ಕಡೆಗೆ ಬೀಳಬೇಕು. ಕೋಟ್ಯಂತರ ವರ್ಷಗಳಿಂದ ಅದು ಬೀಳದೆ ಸುತ್ತುತ್ತಿದೆ.

ಇದನ್ನು ತಪ್ಪಿಸಲು ಒಂದು ದಾರಿಯಿದೆ. ಕಣಗಳ ವೇಗವನ್ನು ಬಹಳ ಹೆಚ್ಚು ಎಂದಿಟ್ಟುಕೊಂಡರೆ ಅದರ ಮುಂದೆ ಭೂಮಿಯ 30 ಕಿಲೋಮೀಟರ್ ನಗಣ್ಯವಾಗಿ ಎದುರುತಡೆ ಕಡಿಮೆಯಾಗುತ್ತದೆ. ಆದರೆ ಗುರುತ್ವ ಉಂಟಾಗಬೇಕಾದರೆ ಕಣಗಳ ಸ್ವಲ್ಪ ಭಾಗವನ್ನಾದರೂ ವಸ್ತು ಹೀರಿಕೊಳ್ಳಬೇಕು, ಹೀರಿಕೊಂಡ ಕಣದ ಚಲನಶಕ್ತಿ ಶಾಖವಾಗಬೇಕು. ವೇಗ ಹೆಚ್ಚಾದಷ್ಟೂ ಈ ಶಾಖವೂ ಹೆಚ್ಚು. ಮ್ಯಾಕ್ಸ್‌ವೆಲ್ 1875ರಲ್ಲಿ ಈ ತೊಡಕನ್ನು ಎತ್ತಿದರು, ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ 1908ರಲ್ಲಿ ಲೆಕ್ಕ ಹಾಕಿ, ಎದುರುತಡೆ ಕಾಣದಷ್ಟು ವೇಗ ಕೊಟ್ಟರೆ ಭೂಮಿ ಕ್ಷಣಮಾತ್ರದಲ್ಲಿ ಆವಿಯಾಗುವಷ್ಟು ಶಾಖ ಹುಟ್ಟುತ್ತದೆ ಎಂದು ತೋರಿಸಿದರು. ನಿಮ್ಮ ಟಿಪ್ಪಣಿಯಲ್ಲಿ ಕಣಗಳ ವೇಗ ಎಷ್ಟು ಎಂದು ಎಲ್ಲಿಯೂ ಬರೆದಿಲ್ಲ. ಅದನ್ನು ಒಂದು ಸಂಖ್ಯೆಯಾಗಿ ಬರೆದು, ತಡೆ ಎಷ್ಟು, ಶಾಖ ಎಷ್ಟು ಎಂಬ ಎರಡು ಲೆಕ್ಕಗಳನ್ನು ದಯವಿಟ್ಟು ನೀವೇ ಮಾಡಿ ನೋಡಿ. ಬೇಕಾದ ಸೂತ್ರಗಳನ್ನು ಬೇರೆ ಹಾಳೆಯಲ್ಲಿ ಬರೆದು ಕಳುಹಿಸುತ್ತೇನೆ.

ರಾಮಾನುಜನ್ ಹೆಸರು ಬಂದದ್ದರಿಂದ ಒಂದು ಮಾತು. ಮದ್ರಾಸ್ ಬಂದರಿನ ಗುಮಾಸ್ತರಾಗಿದ್ದ ಅವರು 1913ರ ಜನವರಿಯಲ್ಲಿ ಬರೆದ ಪತ್ರವನ್ನು ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ಮೊದಲು ಸಂಶಯದಿಂದಲೇ ನೋಡಿದ್ದರು. ಆದರೆ ಪತ್ರದಲ್ಲಿ ನೂರಕ್ಕೂ ಹೆಚ್ಚು ಸೂತ್ರಗಳಿದ್ದವು, ಕೆಲವನ್ನು ಹಾರ್ಡಿ ತಾವೇ ಸಾಧಿಸಿ ನೋಡಬಹುದಿತ್ತು, ಸಹೋದ್ಯೋಗಿ ಲಿಟಲ್‌ವುಡ್ ಜೊತೆ ಕೂತು ನೋಡಿಯೂ ಬಿಟ್ಟರು. ಅವರನ್ನು ಗುರುತಿಸಿದ್ದು ಅನುಕಂಪದಿಂದಲ್ಲ, ಓದಿದ್ದರಿಂದ.

ಗೃಹಿಣಿ, ಕಾಪು

ನಾನು ವಿಜ್ಞಾನ ಹೆಚ್ಚು ಓದಿದವಳಲ್ಲ, ಆದರೂ ನನ್ನ ಮನೆಯಲ್ಲಿ ನಡೆದದ್ದನ್ನು ಹೇಳಬೇಕೆನಿಸಿತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಮ್ಮ ಅತ್ತೆ ಹಿತ್ತಾಳೆಯ ಹರಿವಾಣದಲ್ಲಿ ನೀರು ಹಾಕಿ ಅದರಲ್ಲಿ ಒನಕೆ ನಿಲ್ಲಿಸಿದರು. ಒನಕೆ ಯಾರೂ ಹಿಡಿಯದೆ ನೆಟ್ಟಗೆ ನಿಂತಿತು. ಗ್ರಹಣದ ಶಕ್ತಿಯಿಂದ ನಿಂತಿತು, ಬಿಟ್ಟ ಮೇಲೆ ತಾನಾಗಿ ಬೀಳುತ್ತದೆ ಎಂದು ಅವರ ನಂಬಿಕೆ. ಕಾಲೇಜಿಗೆ ಹೋಗುವ ನನ್ನ ಮಗ ಜೋರಾಗಿ ನಕ್ಕ. ಅತ್ತೆ ಎರಡು ದಿನ ಅವನೊಡನೆ ಮಾತನಾಡಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಅದೇ ಹರಿವಾಣ, ಅದೇ ಒನಕೆ ತಂದು ಅಂಗಳದಲ್ಲಿ ಇಟ್ಟು, "ಅತ್ತೆ, ಇವತ್ತು ಹೇಗೆ ನಿಲ್ಲುವುದಿಲ್ಲ ಅಂತ ನೋಡಿಬಿಡುವ" ಎಂದೆ. ಅವರೇ ನಿಲ್ಲಿಸಿದರು. ಎರಡು ಸಲ ವಾಲಿತು, ಮೂರನೆಯ ಸಲ ನಿಂತಿತು. ಅವರು ಬಗ್ಗಿ ಅದರ ಬುಡವನ್ನು ನೋಡಿದರು. ಬುಡದಲ್ಲಿ ಅಗಲವಾದ ಕಬ್ಬಿಣದ ಬಳೆ ಇದೆ, ಬಹಳ ವರ್ಷ ಭತ್ತ ಕುಟ್ಟಿ ಕುಟ್ಟಿ ಅದು ಸಮತಟ್ಟಾಗಿದೆ. "ಇದು ಯಾವತ್ತೂ ನಿಲ್ಲುವ ಒನಕೆಯೇ ಮಗಾ" ಎಂದು ಅವರೇ ಹೇಳಿದರು. 2020ರ ಜೂನ್ 21ರ ಗ್ರಹಣಕ್ಕೆ ಮೊದಲ ದಿನವೇ ನೆರೆಮನೆಯವರನ್ನು ಕರೆದು ಒನಕೆ ನಿಲ್ಲಿಸಿ ತೋರಿಸಿದವರು ಅವರು. ಮಗ ನಕ್ಕದ್ದರಿಂದ ಆಗದ ಕೆಲಸ ಹರಿವಾಣದಿಂದ ಆಯಿತು.

ಸಂಶೋಧನಾ ವಿದ್ಯಾರ್ಥಿ, ಸುರತ್ಕಲ್

ಕಾಪುವಿನ ಅಕ್ಕ ಬರೆದದ್ದನ್ನು ಓದಿದ ಮೇಲೆ ನನ್ನ ನಗುವ ಚಿತ್ರವನ್ನು ತೆಗೆದುಹಾಕಿದ್ದೇನೆ. ಸಮಯದ ಮಿತಿಯ ಬಗ್ಗೆ ಹೇಳಿದ್ದನ್ನು ಹಿಂದೆಗೆದುಕೊಳ್ಳುವುದಿಲ್ಲ. ಸಮಯವಿಲ್ಲದವನು ಸುಮ್ಮನಿರಬಹುದು, ನಗಲು ಮಾತ್ರ ನನಗೆ ಹೇಗೋ ಸಮಯ ಸಿಕ್ಕಿತ್ತು. ಅದು ನನ್ನ ತಪ್ಪು.

ಇದರ ಜೊತೆಗೆ ಒಂದು ಘಟನೆ ನೆನಪಾಗುತ್ತದೆ. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಪ್ರಯೋಗದ ವಿಜ್ಞಾನಿಗಳು, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸೊವರೆಗಿನ ಸುಮಾರು 730 ಕಿಲೋಮೀಟರ್ ದೂರವನ್ನು ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲೇ ತಲುಪುತ್ತಿವೆ ಎಂದು ಪ್ರಕಟಿಸಿದರು. ತಿಂಗಳುಗಟ್ಟಲೆ ಹುಡುಕಿದರೂ ನಮಗೆ ತಪ್ಪು ಸಿಕ್ಕಿಲ್ಲ, ನೀವೂ ಪರಿಶೀಲಿಸಿ ಎಂಬುದು ಅವರ ಧಾಟಿಯಾಗಿತ್ತು. ಕೊನೆಗೆ ತಪ್ಪು ಸಿಕ್ಕಿದ್ದು ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲಿನಲ್ಲಿ, ಅದನ್ನು 2012ರಲ್ಲಿ ಅವರೇ ತಿಳಿಸಿದರು. ವಿಚಾರ ತರುವವರು ಈ ಧಾಟಿಯಲ್ಲಿ ತಂದರೆ ಉತ್ತರಿಸುವವರಿಗೂ ಸುಲಭ.

ಮೋಟಾರ್ ರಿವೈಂಡಿಂಗ್, ಮೂಡುಬಿದಿರೆ

ಎಲ್ಲರಿಗೂ ನಮಸ್ಕಾರ. ಇಷ್ಟು ಜನ ಬರೆಯುತ್ತೀರೆಂದು ನಾನು ಎಣಿಸಿರಲಿಲ್ಲ. ಕಳೆದ ವಾರದ ಪ್ರತಿಕ್ರಿಯೆಗಳನ್ನು ನೋಡಿ ಮೊಬೈಲನ್ನು ಮಗಳ ಕೈಗೆ ಕೊಟ್ಟು ಅಂಗಡಿಗೆ ಹೋಗಿದ್ದೆ, ಎರಡು ದಿನ ತೆರೆಯಲಿಲ್ಲ. ಹಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ಎದ್ದು ನಿಂತು ಇದೇ ಪ್ರಶ್ನೆ ಕೇಳಿದ್ದಾಗ ಭಾಷಣಕಾರರು ನನ್ನ ಕೈಯಲ್ಲಿದ್ದ ಪುಸ್ತಕವನ್ನು ನೋಡದೆಯೇ ಕೂರಲು ಹೇಳಿದ್ದರು. ಅಂದಿನಿಂದ ಯಾರಿಗೂ ತೋರಿಸಿರಲಿಲ್ಲ.

ಮೇಡಂ, ನಿಮ್ಮ ಉತ್ತರವನ್ನು ನಾಲ್ಕು ಸಲ ಓದಿದೆ. ಸ್ಕೂಟರಿನ ಮಾತು ಕೂಡಲೇ ಮನಸ್ಸಿಗೆ ಹೊಕ್ಕಿತು, ಯಾಕೆಂದರೆ ಪಂಪ್ ರಿಪೇರಿಗೆಂದು ಮಳೆಗಾಲದಲ್ಲಿ ನಾನು ದಿನವೂ ಹಾಗೆಯೇ ಒದ್ದೆಯಾಗುವವನು. ಇಷ್ಟು ವರ್ಷ ಅದು ನನಗೆ ಹೊಳೆಯಲಿಲ್ಲವಲ್ಲ ಎಂದು ಬೇಸರವಾಯಿತು. ನೀವು ಕಳುಹಿಸಿದ ಸೂತ್ರಗಳನ್ನು ಇಟ್ಟುಕೊಂಡು ಲೆಕ್ಕ ಮಾಡಿದೆ. ಮೊದಲು ಕಣದ ವೇಗ ಬೆಳಕಿನಷ್ಟು ಎಂದು ಹಾಕಿದೆ, ತಡೆ ಹೆಚ್ಚಾಯಿತು. ಹತ್ತು ಪಟ್ಟು ಮಾಡಿದೆ, ತಡೆ ಹತ್ತನೆಯ ಒಂದಾಯಿತು, ಶಾಖ ಹತ್ತು ಪಟ್ಟಾಯಿತು. ಸಾವಿರ ಪಟ್ಟು ಮಾಡಿದೆ, ಹಾಗೆಯೇ. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ. ಎರಡೂ ಒಟ್ಟಿಗೆ ಸಣ್ಣದಾಗುವ ಒಂದು ವೇಗವೂ ಸಿಗುವುದಿಲ್ಲ. ನಮ್ಮ ಕೆಲಸದಲ್ಲಿ ತೆಳ್ಳಗಿನ ತಂತಿ ಸುತ್ತಿದರೆ ಸುತ್ತು ಹೆಚ್ಚು ಹಿಡಿಯುತ್ತದೆ, ಆದರೆ ರೋಧ ಏರಿ ಬಿಸಿಯಾಗುತ್ತದೆ. ಅಲ್ಲಿ ನಡುವೆ ಎಲ್ಲಿಯಾದರೂ ಒಂದು ಹದ ಸಿಗುತ್ತದೆ, ಇಲ್ಲಿ ಅದಿಲ್ಲ. ಇದನ್ನು ಯಾರೂ ಹೇಳಿ ಒಪ್ಪಿಸಿದ್ದಲ್ಲ, ನನ್ನ ಕೈಯಿಂದಲೇ ಬಂದ ಲೆಕ್ಕ. ಹಾಗಾಗಿ ಒಪ್ಪಲು ಕಷ್ಟವಾಗಲಿಲ್ಲ, ಆ ರಾತ್ರಿ ನಿದ್ದೆ ಮಾತ್ರ ಬರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ನನ್ನ ವಿಚಾರ ಸರಿಯಿದ್ದಿದ್ದರೆ, ಸೂರ್ಯಗ್ರಹಣದ ಹೊತ್ತಿಗೆ ಚಂದ್ರ ನಡುವೆ ಬಂದು ನೆರಳು ಬದಲಾಗಿ ಗುರುತ್ವದಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಕಾಣಬೇಕಿತ್ತಲ್ಲವೇ? ಅದನ್ನು ಯಾರಾದರೂ ನೋಡಿದ್ದಾರೆಯೇ? ಅಂಗಡಿಯ ಮಾಡಿನ ಪಕ್ಕಾಸಿಗೆ ವೈಂಡಿಂಗ್ ತಂತಿಯಲ್ಲಿ ಹಿತ್ತಾಳೆಯ ಗುಂಡು ಕಟ್ಟಿ ಒಂದು ಮೀಟರ್ ಉದ್ದದ ಲೋಲಕ ಮಾಡಿದ್ದೇನೆ. ನೂರು ಸಲ ತೂಗಲು 201 ಸೆಕೆಂಡ್ ಹಿಡಿಯಿತು.

ಭೌತಶಾಸ್ತ್ರ ಉಪನ್ಯಾಸಕಿ, ಉಡುಪಿ

ಅಣ್ಣ, 201 ಸೆಕೆಂಡ್ ಎಂದರೆ ಬಹಳ ಒಳ್ಳೆಯ ಅಳತೆ. ನಮ್ಮ ಕರಾವಳಿಯಲ್ಲಿ ಗುರುತ್ವದ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಏರುವ ಪ್ರಮಾಣ, ಸೆಕೆಂಡಿಗೆ ಸುಮಾರು 9.78 ಮೀಟರ್, ಅದರ ಪ್ರಕಾರ 200.9 ಸೆಕೆಂಡ್ ಬರಬೇಕು.

ನಿಮ್ಮ ಪ್ರಶ್ನೆಯನ್ನು ದೊಡ್ಡವರೂ ಕೇಳಿದ್ದಾರೆ. ಫ್ರಾನ್ಸಿನ ಮೊರಿಸ್ ಅಲೆ 1954ರ ಗ್ರಹಣದಲ್ಲಿ ತಮ್ಮ ಲೋಲಕದ ತೂಗುವ ದಿಕ್ಕು ವಿಚಿತ್ರವಾಗಿ ಬದಲಾಯಿತು ಎಂದು ವರದಿ ಮಾಡಿದ್ದರು. ಅವರು ಮುಂದೆ 1988ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅನಂತರ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಅದು ಖಚಿತವಾಗಿ ಮರುಕಳಿಸಲಿಲ್ಲ. ಗ್ರಹಣದಲ್ಲಿ ತಾಪಮಾನ ಇಳಿಯುತ್ತದೆ, ಗಾಳಿ ಬದಲಾಗುತ್ತದೆ, ಜನರ ಓಡಾಟ ಬದಲಾಗುತ್ತದೆ, ಇವೆಲ್ಲ ಲೋಲಕವನ್ನು ಮುಟ್ಟುತ್ತವೆ. ಇನ್ನೊಂದೆಡೆ, 1969ರಿಂದ ಚಂದ್ರನ ಮೇಲೆ ಇಟ್ಟಿರುವ ಕನ್ನಡಿಗಳಿಗೆ ಲೇಸರ್ ಹಾಯಿಸಿ ಅದರ ದೂರವನ್ನು ಸೆಂಟಿಮೀಟರ್‌ಗಳ ನಿಖರತೆಯಲ್ಲಿ ಅಳೆಯುತ್ತ ಬಂದಿದ್ದಾರೆ. ಗುರುತ್ವಕ್ಕೆ ನೆರಳು ಬೀಳುವುದಾದರೆ ಚಂದ್ರನ ಹಾದಿಯಲ್ಲಿ ಅದು ಕಾಣಬೇಕಿತ್ತು, ಕಂಡಿಲ್ಲ. ಆದ್ದರಿಂದ ನಿಮ್ಮ ಲೋಲಕದಲ್ಲಿ ಏನೂ ವ್ಯತ್ಯಾಸ ಕಾಣದು ಎಂದೇ ನಾನು ನಿರೀಕ್ಷಿಸುತ್ತೇನೆ. ಅದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ಸರಿಯಲ್ಲ.

ಆದರೂ ಮಾಡುವುದಾದರೆ ಸರಿಯಾಗಿ ಮಾಡೋಣ. 2027ರ ಆಗಸ್ಟ್ 2ರ ಸೂರ್ಯಗ್ರಹಣ ನಮ್ಮ ಕರಾವಳಿಯಲ್ಲಿ ಪಾರ್ಶ್ವವಾಗಿ ಆಗುತ್ತದೆ. ಮಳೆಗಾಲದ ಮೋಡದಲ್ಲಿ ಸೂರ್ಯ ಕಾಣದೆ ಹೋಗಬಹುದು, ಲೋಲಕಕ್ಕೆ ಮೋಡದ ಹಂಗಿಲ್ಲ. ಗ್ರಹಣದ ದಿನವಲ್ಲದೆ ಅದರ ಹಿಂದಿನ ಹತ್ತು ದಿನ ಮತ್ತು ಮುಂದಿನ ಹತ್ತು ದಿನ ಅದೇ ಹೊತ್ತಿಗೆ ಅಳೆಯಬೇಕು. ಜೊತೆಗೆ ಉಷ್ಣತೆಯನ್ನೂ ಬರೆದಿಡಬೇಕು, ತಾಮ್ರದ ತಂತಿ ಬಿಸಿಲಿಗೆ ಉದ್ದವಾಗುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಎಷ್ಟು ವ್ಯತ್ಯಾಸ ಬಂದರೆ ನಿಜವಾದ ವ್ಯತ್ಯಾಸ ಎಂದು ಪರಿಗಣಿಸುತ್ತೇವೆ ಎಂಬುದನ್ನು ಗ್ರಹಣಕ್ಕೆ ಮೊದಲೇ ಬರೆದು ಇಲ್ಲಿ ಎಲ್ಲರ ಮುಂದೆ ಇಡಬೇಕು.

ನಿವೃತ್ತ ವಿಜ್ಞಾನ ಶಿಕ್ಷಕ, ಉಡುಪಿ

ನನ್ನ ಬಳಿ ಶಾಲೆಯಿಂದ ಬೀಳ್ಕೊಡುವಾಗ ಕೊಟ್ಟ ಒಂದು ಒಳ್ಳೆಯ ಉಷ್ಣಮಾಪಕ ಇದೆ, ಅರ್ಧ ಡಿಗ್ರಿಯವರೆಗೆ ಓದಬಹುದು. ಮುಂದಿನ ವಾರ ಮೂಡುಬಿದಿರೆಗೆ ತಂದುಕೊಡುತ್ತೇನೆ. ಹದಿನೇಳನೆಯ ಪುಟವನ್ನು ಮೂಲದಲ್ಲಿಯೇ ಒಮ್ಮೆ ನೋಡುವ ಆಸೆಯೂ ಇದೆ.

ಮೋಟಾರ್ ರಿವೈಂಡಿಂಗ್, ಮೂಡುಬಿದಿರೆ

ಖಂಡಿತ ಬನ್ನಿ ಮಾಸ್ಟ್ರೇ, ಅಂಗಡಿ ಬಸ್ ನಿಲ್ದಾಣದಿಂದ ನಡೆಯುವಷ್ಟೇ ದೂರ. ತಾಮ್ರದ ತಂತಿಯ ಬದಲು ಬೇರೆ ಯಾವುದನ್ನು ಕಟ್ಟಿದರೆ ಬಿಸಿಗೆ ಕಡಿಮೆ ಉದ್ದವಾದೀತು ಎಂದು ಮೇಡಂ ಹೇಳಿದರೆ ಅಷ್ಟರೊಳಗೆ ಅದನ್ನೂ ತರಿಸಿಡುತ್ತೇನೆ.